ಎಂಸಿಜಿಯಲ್ಲಿ ಬ್ರಿಸ್ಬೇನ್ ಲಯನ್ಸ್: ಎಂಟು ವರ್ಷಗಳ ಸೋಲಿನ ದಾಖಲೆಯನ್ನು ಓದುವ ಬಗೆ

2022ರ ಸೆಪ್ಟೆಂಬರ್ 9ರ ಶುಕ್ರವಾರ ರಾತ್ರಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಸೆಮಿಫೈನಲ್ ಆಡಲು ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ ಇಳಿದಾಗ, ಬ್ರಿಸ್ಬೇನ್ ಲಯನ್ಸ್ ತಂಡದ ಹೆಸರಿನ ಜೊತೆ ಒಂದು ಕೆಟ್ಟ ದಾಖಲೆ ಅಂಟಿಕೊಂಡಿತ್ತು. 2014ರ ನಂತರ ಆ ತಂಡ ಎಂಸಿಜಿ ಎಂದೇ ಹೆಸರಾದ ಈ ಮೈದಾನದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮೂರು ವರ್ಷಗಳಿಂದ ಅಂಕಪಟ್ಟಿಯ ಮೇಲಿನ ಸಾಲಿನಲ್ಲೇ ಇದ್ದ ಮತ್ತು ತವರಿನ ಗಾಬಾ ಅಂಗಳದಲ್ಲಿ ಲೀಗ್ ಪಂದ್ಯಗಳನ್ನು ಸಲೀಸಾಗಿ ಗೆಲ್ಲುತ್ತಿದ್ದ ತಂಡವೊಂದು, ಪ್ರಶಸ್ತಿ ಯಾರಿಗೆಂದು ತೀರ್ಮಾನವಾಗುವ ಮೈದಾನದಿಂದ ಮಾತ್ರ ಎಂಟು ವರ್ಷ ಬರಿಗೈಯಲ್ಲಿ ಮರಳಿತ್ತು. ಅದೇ ಕ್ಲಬ್ 2024 ಮತ್ತು 2025ರಲ್ಲಿ ಅದೇ ಹುಲ್ಲಿನ ಮೇಲೆ ಸತತ ಎರಡು ಬಾರಿ ಪ್ರಶಸ್ತಿ ಎತ್ತಿ ಹಿಡಿಯಿತು. ಈ ಎರಡು ಸಂಗತಿಗಳ ನಡುವೆ ಏನೇನು ನಡೆಯಿತು, ಆ ಸೋಲಿನ ದಾಖಲೆ ವಾಸ್ತವವಾಗಿ ಯಾವುದರ ದಾಖಲೆಯಾಗಿತ್ತು ಎಂಬುದನ್ನು ಪರಿಶೀಲಿಸುವುದೇ ಈ ಅಧ್ಯಯನದ ಉದ್ದೇಶ.

ಒಂದು ಕ್ಲಬ್‌ನ ಹೆಸರು, ಒಂದು ಮೈದಾನದ ಹೆಸರು, ನಡುವೆ ಗೆಲುವು ಸೋಲುಗಳ ಲೆಕ್ಕ: ಕ್ರೀಡಾ ವರದಿಗಾರಿಕೆಯಲ್ಲಿ ಇದಕ್ಕಿಂತ ಸುಲಭವಾಗಿ ಸಿಗುವ ಸಾಮಗ್ರಿ ಇನ್ನೊಂದಿಲ್ಲ. ಇಂಥ ಲೆಕ್ಕವನ್ನು ಓದುವವರು ತಮಗರಿವಿಲ್ಲದೆಯೇ ಕಾರಣವನ್ನು ಮೈದಾನದಲ್ಲಿ ಹುಡುಕತೊಡಗುತ್ತಾರೆ. ಲಯನ್ಸ್ ಪ್ರಕರಣವನ್ನು ವರ್ಷವಾರು ಬಿಡಿಸಿ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಆ ಎಂಟು ವರ್ಷಗಳ ಸೋಲಿನಲ್ಲಿ ಮೈದಾನದ ಪಾಲು ತೀರಾ ಕಡಿಮೆ. ಯಾವ ತಂಡ ಆಡಿತು, ಯಾರ ವಿರುದ್ಧ ಆಡಿತು ಮತ್ತು ಎಷ್ಟು ಅಪರೂಪಕ್ಕೆ ಆಡಿತು ಎಂಬುದರ ಪಾಲೇ ಹೆಚ್ಚು.

ಕನ್ನಡದ ಓದುಗರಿಗೆ ಎಂಸಿಜಿ ಪರಿಚಯವಾದದ್ದು ಕ್ರಿಕೆಟ್ಟಿನಿಂದ. 1977–78ರ ಪ್ರವಾಸದಲ್ಲಿ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ 6 ವಿಕೆಟ್ ಕಿತ್ತು, ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದು ಇಲ್ಲಿಯೇ. 1981ರಲ್ಲಿ ಜಿ.ಆರ್. ವಿಶ್ವನಾಥ್ 114 ರನ್ ಗಳಿಸಿದ್ದು, 2018ರ ಡಿಸೆಂಬರ್‌ನಲ್ಲಿ ಮಯಂಕ್ ಅಗರವಾಲ್ ಪದಾರ್ಪಣೆಯ ಇನಿಂಗ್ಸ್‌ನಲ್ಲೇ 76 ರನ್ ಹೊಡೆದದ್ದು ಕೂಡ ಇಲ್ಲಿಯೇ. ಬೇಸಿಗೆಯಲ್ಲಿ ಕ್ರಿಕೆಟ್ಟಿಗೆ ಸಲ್ಲುವ ಈ ಅಂಗಳ ಚಳಿಗಾಲ ಬಂದಿತೆಂದರೆ ಫುಟ್‌ಬಾಲಿನದಾಗುತ್ತದೆ. ಬ್ರಿಸ್ಬೇನ್‌ನ ಗಾಬಾ ಮೈದಾನದ ಕಥೆಯೂ ಹಾಗೆಯೇ. 32 ವರ್ಷ ಟೆಸ್ಟ್ ಸೋಲನ್ನೇ ಕಾಣದಿದ್ದ ಆಸ್ಟ್ರೇಲಿಯಾವನ್ನು 2021ರ ಜನವರಿಯಲ್ಲಿ ಭಾರತ ಮಣಿಸಿದ ಗಾಬಾವೇ ಲಯನ್ಸ್ ತಂಡದ ತವರು.

ಆಟದ ಬಗ್ಗೆ ಈ ಪ್ರಕರಣಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ತಂಡಕ್ಕೆ 18 ಆಟಗಾರರು, ನಾಲ್ಕು ಅವಧಿಗಳು, ಅಂಗಳದ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಅದಕ್ಕೆ 6 ಅಂಕ. ಪಕ್ಕದ ಕಂಬಗಳ ಮಧ್ಯೆ ಹೋದರೆ ಬಿಹೈಂಡ್, ಅದಕ್ಕೆ 1 ಅಂಕ. 13.8 ಎಂದು ಬರೆದರೆ 13 ಗೋಲು, 8 ಬಿಹೈಂಡ್, ಒಟ್ಟು 86 ಅಂಕ ಎಂದರ್ಥ. ಅಂಗಳ ಅಂಡಾಕಾರದ್ದು, ಆದರೆ ಅದಕ್ಕೆ ಗೊತ್ತಾದ ಒಂದೇ ಅಳತೆಯಿಲ್ಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ನಡುವೆ ಎಷ್ಟಾದರೂ ಇರಬಹುದು. ಮೈದಾನವಾರು ದಾಖಲೆಗಳಿಗೆ ಈ ಆಟದಲ್ಲಿ ಅಷ್ಟೊಂದು ಮಹತ್ವ ಬಂದಿರುವುದಕ್ಕೆ ಈ ನಿಯಮವೇ ಮುಖ್ಯ ಕಾರಣ.

ಗೆದ್ದ ನೆನಪು ಮತ್ತು 2004ರ ಅನ್ಯಾಯ

ಲಯನ್ಸ್ ಕ್ಲಬ್ ಹುಟ್ಟಿದ್ದು 1996ರ ಕೊನೆಯಲ್ಲಿ, ಬ್ರಿಸ್ಬೇನ್ ಬೇರ್ಸ್ ಮತ್ತು ಮೆಲ್ಬರ್ನ್‌ನ ಹಳೆಯ ಕ್ಲಬ್ ಫಿಟ್ಜ್‌ರಾಯ್ ಒಂದಾದಾಗ. ಫಿಟ್ಜ್‌ರಾಯ್ 1897ರಲ್ಲಿ ಲೀಗ್ ಆರಂಭಿಸಿದ ಕ್ಲಬ್‌ಗಳಲ್ಲಿ ಒಂದು; ಸಿಂಹದ ಲಾಂಛನ ಬಂದದ್ದೂ ಅಲ್ಲಿಂದಲೇ. ಹಾಗಾಗಿ ಲಯನ್ಸ್ ತಂಡ ಎಂಸಿಜಿಗೆ ಬಂದಾಗ ಕೂಗಿ ಹುರಿದುಂಬಿಸುವವರು ಯಾರೂ ಇರುವುದಿಲ್ಲ ಎಂದು ಭಾವಿಸುವುದು ತಪ್ಪು. ಅಜ್ಜ, ತಂದೆಯರಿಂದ ಫಿಟ್ಜ್‌ರಾಯ್ ಅಭಿಮಾನವನ್ನು ಬಳುವಳಿಯಾಗಿ ಪಡೆದ ಮೆಲ್ಬರ್ನ್ ಮನೆತನಗಳು ಇಂದಿಗೂ ಲಯನ್ಸ್ ಪರವಾಗಿ ಗ್ಯಾಲರಿಯಲ್ಲಿ ಕೂರುತ್ತವೆ. ಮೈದಾನದ ಬಗ್ಗೆ ಮಾತನಾಡುವವರು ಈ ಅಂಶವನ್ನು ಬಹುತೇಕ ಮರೆತುಬಿಡುತ್ತಾರೆ.

ಎಂಸಿಜಿ ಲಯನ್ಸ್‌ಗೆ ಆಗಿಬರುವುದಿಲ್ಲ ಎಂಬ ಮಾತು ಈ ಶತಮಾನದ ಆರಂಭದಲ್ಲಿ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಲೀ ಮ್ಯಾಥ್ಯೂಸ್ ತರಬೇತಿಯಲ್ಲಿ, ಮೈಕೆಲ್ ವಾಸ್ ನಾಯಕತ್ವದಲ್ಲಿ ಆ ತಂಡ 2001, 2002 ಮತ್ತು 2003ರಲ್ಲಿ ಸತತ ಮೂರು ಗ್ರ್ಯಾಂಡ್ ಫೈನಲ್‌ಗಳನ್ನು, ಅಂದರೆ ಪ್ರಶಸ್ತಿ ತೀರ್ಮಾನಿಸುವ ಅಂತಿಮ ಪಂದ್ಯಗಳನ್ನು, ಇಲ್ಲಿ ಗೆದ್ದಿತು. ಮೊದಲನೆಯದರಲ್ಲಿ ಹಾಲಿ ಚಾಂಪಿಯನ್ ಎಸೆಂಡನ್ 26 ಅಂಕಗಳಿಂದ ಸೋತಿತು. ಎರಡನೆಯದರಲ್ಲಿ ಕಾಲಿಂಗ್‌ವುಡ್ 9 ಅಂಕಗಳಿಂದ, ಮೂರನೆಯದರಲ್ಲಿ ಮತ್ತೆ ಅದೇ ಕಾಲಿಂಗ್‌ವುಡ್ 50 ಅಂಕಗಳಿಂದ ಪರಾಭವಗೊಂಡಿತು. 2003ರ ವಿಷಯದಲ್ಲಿ ಒಂದು ಅಂಶ ಗಮನಾರ್ಹ. ಲೀಗ್ ಹಂತದ ನಂತರ ಪ್ರಶಸ್ತಿಗಾಗಿ ನಡೆಯುವ ಫೈನಲ್ಸ್ ಸರಣಿಯ ಮೊದಲ ವಾರ ಇದೇ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಲಯನ್ಸ್ ತಂಡವನ್ನು 15 ಅಂಕಗಳಿಂದ ಸೋಲಿಸಿತ್ತು. ಅದೇ ತಿಂಗಳಲ್ಲಿ, ಅದೇ ಎದುರಾಳಿಯ ಮೇಲೆ, ಅದೇ ಅಂಗಳದಲ್ಲಿ ಫಲಿತಾಂಶ ತಲೆಕೆಳಗಾಯಿತು. 22 ವರ್ಷಗಳ ನಂತರ ಇಂಥದ್ದೇ ಇನ್ನೊಂದು ಘಟನೆ ನಡೆಯಲಿತ್ತು.

2004ರಲ್ಲಿ ಆದದ್ದನ್ನು ಮಾತ್ರ ಕ್ಲಬ್ ಸುಲಭಕ್ಕೆ ಮರೆಯುವಂತಿರಲಿಲ್ಲ. ಲೀಗ್ ಹಂತದಲ್ಲಿ ಎರಡನೇ ಸ್ಥಾನ ಪಡೆದಿದ್ದ ಲಯನ್ಸ್, ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಹಂತವಾದ ಪ್ರಿಲಿಮಿನರಿ ಫೈನಲ್ ಪಂದ್ಯವನ್ನು ತವರಿನಲ್ಲಿ ಆಡುವ ಹಕ್ಕು ಗಳಿಸಿತ್ತು. ಆದರೆ ಪ್ರತಿವರ್ಷ ಕನಿಷ್ಠ ಒಂದು ಪ್ರಿಲಿಮಿನರಿ ಫೈನಲ್ ಎಂಸಿಜಿಯಲ್ಲೇ ನಡೆಯಬೇಕೆಂಬ ಕರಾರು ಆಗ ಜಾರಿಯಲ್ಲಿತ್ತು. ಪೋರ್ಟ್ ಅಡಿಲೇಡ್ ಅಗ್ರಸ್ಥಾನದಲ್ಲಿದ್ದುದರಿಂದ ಅದು ಶುಕ್ರವಾರ ತನ್ನೂರಿನಲ್ಲೇ ಆಡಿತು. ಲಯನ್ಸ್ ಶನಿವಾರ ರಾತ್ರಿ ಮೆಲ್ಬರ್ನ್‌ಗೆ ಹೋಗಿ ಜೀಲಾಂಗ್ ವಿರುದ್ಧ ಸೆಣಸಬೇಕಾಯಿತು. ಗೆದ್ದಿತು, ಆದರೆ ಕೇವಲ 9 ಅಂಕಗಳಿಂದ. ಒಂದು ದಿನ ಕಡಿಮೆ ವಿಶ್ರಾಂತಿ ಪಡೆದು, ಮತ್ತೆ ಮೆಲ್ಬರ್ನ್‌ಗೆ ಬಂದು ಗ್ರ್ಯಾಂಡ್ ಫೈನಲ್‌ನಲ್ಲಿ ಪೋರ್ಟ್ ಅಡಿಲೇಡ್ ಎದುರು 40 ಅಂಕಗಳಿಂದ ಸೋತಿತು. ನಾಲ್ಕನೇ ಸತತ ಪ್ರಶಸ್ತಿ ಕೈತಪ್ಪಿದ್ದಕ್ಕೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆ ದಿನ ಪೋರ್ಟ್ ಅಡಿಲೇಡ್ ಉತ್ತಮವಾಗಿಯೇ ಆಡಿತು. ಆದರೆ ಗಳಿಸಿದ ಹಕ್ಕನ್ನು ಕರಾರಿನ ನೆಪದಲ್ಲಿ ಕಿತ್ತುಕೊಂಡದ್ದು ಅನ್ಯಾಯವೇ. ಆನಂತರ ಕರಾರು ಸಡಿಲಗೊಂಡು, 2006ರಲ್ಲಿ ಎರಡೂ ಪ್ರಿಲಿಮಿನರಿ ಫೈನಲ್‌ಗಳು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಹೊರಗೇ ನಡೆದವು. ಎಂಸಿಜಿಯಿಂದ ಹೊರರಾಜ್ಯದ ತಂಡಗಳಿಗೆ ತೊಂದರೆಯಾಗಿದ್ದರೆ ಅದು ಬಂದದ್ದು ಇಂಥ ಕಾಗದ ಪತ್ರಗಳ ದಾರಿಯಿಂದ.

ಬರದ ವರ್ಷಗಳಲ್ಲಿ ಆಡಿದವರು ಯಾರು

2014ರಿಂದ 2022ರವರೆಗಿನ ಅವಧಿಯನ್ನು ಒಂದೇ ತಂಡದ ದಾಖಲೆಯೆಂದು ಓದಿದರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ. ಈ ಎಂಟು ವರ್ಷಗಳಲ್ಲಿ ಆಡಿದ್ದು ಎರಡು ತಂಡಗಳು. 2015 ಮತ್ತು 2016ರಲ್ಲಿ ಲಯನ್ಸ್ 18 ತಂಡಗಳ ಪೈಕಿ 17ನೇ ಸ್ಥಾನದಲ್ಲಿತ್ತು, 2017ರಲ್ಲಿ ಕೊನೆಯ ಸ್ಥಾನಕ್ಕೆ ಕುಸಿಯಿತು, 2018ರಲ್ಲಿ ಇಡೀ ಋತುವಿನಲ್ಲಿ ಗೆದ್ದದ್ದು ಐದೇ ಪಂದ್ಯ. ಆ ತಂಡ ಎಲ್ಲಿ ಆಡಿದರೂ ಸೋಲುತ್ತಿತ್ತು. ಎಂಸಿಜಿಯಲ್ಲಿ ಗೆಲ್ಲಲಿಲ್ಲ ಎನ್ನುವುದು ಅದರ ಮಟ್ಟಿಗೆ ಸುದ್ದಿಯೇ ಅಲ್ಲ. ಸಾಲದ್ದಕ್ಕೆ, ಅಂಕಪಟ್ಟಿಯ ತಳದಲ್ಲಿರುವ ಹೊರರಾಜ್ಯದ ತಂಡ ಬಂದರೆ ಪ್ರೇಕ್ಷಕರು ಸೇರುವುದಿಲ್ಲವಾದ್ದರಿಂದ, ವೇಳಾಪಟ್ಟಿ ರೂಪಿಸುವವರು ಅಂಥ ಪಂದ್ಯಗಳನ್ನು ದೊಡ್ಡ ಕ್ರೀಡಾಂಗಣಕ್ಕೆ ಹಾಕಲು ಹಿಂಜರಿಯುವುದು ಸಹಜ. ಬ್ರಿಸ್ಬೇನ್‌ನ ಆಟಗಾರನಿಗೆ ಎಂಸಿಜಿಯಲ್ಲಿ ಆಡುವ ಅವಕಾಶ ವರ್ಷಕ್ಕೆ ಬೆರಳೆಣಿಕೆಯಷ್ಟೂ ಸಿಗುತ್ತಿರಲಿಲ್ಲ. ವರ್ಷಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಪಂದ್ಯಗಳ ಸಂಖ್ಯೆ ಸಣ್ಣದು. ಬರದ ಉದ್ದವನ್ನು ವರ್ಷಗಳಲ್ಲಿ ಹೇಳುವ ರೂಢಿ ಈ ವ್ಯತ್ಯಾಸವನ್ನು ಮರೆಮಾಚಿತು.

ಎರಡನೆಯ ತಂಡ 2019ರದು. 2017ರಲ್ಲಿ ತರಬೇತುದಾರರಾಗಿ ಬಂದ ಕ್ರಿಸ್ ಫೇಗನ್ ಈ ಲೀಗ್ ಮಟ್ಟದಲ್ಲಿ ಎಂದೂ ಆಡಿದವರಲ್ಲ. ಬ್ರಿಸ್ಬೇನ್‌ಗೆ ಬರುವ ಮೊದಲು ಹಾಥಾರ್ನ್ ಕ್ಲಬ್‌ನಲ್ಲಿ, ಅದು ಎಂಸಿಜಿಯಲ್ಲಿ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಗೆಲ್ಲುತ್ತಿದ್ದ ಕಾಲದಲ್ಲಿ ಕೆಲಸ ಮಾಡಿದ್ದವರು. ಎರಡೇ ಋತುಗಳಲ್ಲಿ ತಳದಿಂದ ಎರಡನೇ ಸ್ಥಾನಕ್ಕೇರಿದ ಈ ತಂಡ, 2019ರ ಲೀಗ್ ಹಂತದ ಕೊನೆಯ ಸುತ್ತಿನಲ್ಲಿ ಎಂಸಿಜಿಯಲ್ಲಿ ರಿಚ್ಮಂಡ್‌ಗೆ 27 ಅಂಕಗಳಿಂದ ಸೋತಿತು. ಆ ವರ್ಷ ಪ್ರಶಸ್ತಿ ಗೆದ್ದದ್ದು ಅದೇ ರಿಚ್ಮಂಡ್ ಎಂಬುದನ್ನು ಇಲ್ಲಿ ಸೇರಿಸಿಯೇ ಓದಬೇಕು. 2020ರ ಮಾರ್ಚ್‌ನಲ್ಲಿ ಋತುವಿನ ಮೊದಲ ಸುತ್ತಿನಲ್ಲೇ ಹಾಥಾರ್ನ್ ಎದುರು 28 ಅಂಕಗಳಿಂದ ಮುಗ್ಗರಿಸಿತು. ಕೋವಿಡ್ ಕಾರಣಕ್ಕೆ ಅಂದು ಲಕ್ಷ ಆಸನಗಳ ಕ್ರೀಡಾಂಗಣದಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಎದುರಾಳಿ ಅಭಿಮಾನಿಗಳ ಅಬ್ಬರವೇ ಎಂಸಿಜಿಯ ಬಲ ಎನ್ನುವವರು ಈ ಒಂದು ಪಂದ್ಯಕ್ಕೆ ಉತ್ತರ ಹುಡುಕಬೇಕಾಗುತ್ತದೆ.

ಈಗ ಇದೇ ಅವಧಿಯ ಗಾಬಾ ಕಡೆಗೆ ತಿರುಗೋಣ, ಏಕೆಂದರೆ ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಲೆಕ್ಕ ಇರುವುದು ಅಲ್ಲಿ. "ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ" ಎಂದು ನಾವು ಯಾರನ್ನು ಹಂಗಿಸುತ್ತೇವೋ ಅಂಥ ತಂಡವೆಂದೇ ಆ ದಿನಗಳಲ್ಲಿ ಲಯನ್ಸ್ ಹೆಸರಾಗಿತ್ತು. ಲೀಗ್ ಹಂತದ ಮಟ್ಟಿಗೆ ಅದು ಸರಿಯೇ. ಆದರೆ 2019ರ ಫೈನಲ್ಸ್‌ನಲ್ಲಿ ಗಾಬಾದಲ್ಲೇ ರಿಚ್ಮಂಡ್‌ಗೆ 47 ಅಂಕಗಳಿಂದ, ಮರುವಾರ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ 3 ಅಂಕಗಳಿಂದ ಸೋತಿತು. 2020ರಲ್ಲಿ ರಿಚ್ಮಂಡ್ ತಂಡವನ್ನು ಗಾಬಾದಲ್ಲಿ 15 ಅಂಕಗಳಿಂದ ಮಣಿಸಿತು, ಆದರೆ ಪ್ರಿಲಿಮಿನರಿ ಫೈನಲ್‌ನಲ್ಲಿ ಅಲ್ಲಿಯೇ ಜೀಲಾಂಗ್ ಎದುರು 40 ಅಂಕಗಳಿಂದ ಶರಣಾಯಿತು. ಕೋವಿಡ್‌ನಿಂದಾಗಿ ಆ ವರ್ಷದ ಗ್ರ್ಯಾಂಡ್ ಫೈನಲ್ ಎಂಸಿಜಿ ಬಿಟ್ಟು ಗಾಬಾಕ್ಕೆ ಬಂದಿತ್ತು; ಇತಿಹಾಸದಲ್ಲಿ ಒಮ್ಮೆ ಮಾತ್ರ ತಮ್ಮ ಮನೆಯಂಗಳಕ್ಕೆ ಬಂದ ಆ ಪಂದ್ಯಕ್ಕೆ ಇನ್ನೊಂದೇ ಹೆಜ್ಜೆ ಬಾಕಿಯಿದ್ದಾಗ ಲಯನ್ಸ್ ತವರಿನಲ್ಲೇ ಸೋತು ಹೊರಬಿತ್ತು. 2021ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಗಾಬಾಕ್ಕೆ ಬಂದು ಒಂದೇ ಒಂದು ಅಂಕದಿಂದ ಗೆದ್ದು ಹೋಯಿತು. ಕೂಡಿಸಿ ನೋಡಿದರೆ, ಮೂರು ವರ್ಷಗಳಲ್ಲಿ ತವರಿನಲ್ಲಿ ಆಡಿದ ಐದು ಫೈನಲ್ಸ್ ಪಂದ್ಯಗಳಲ್ಲಿ ಗೆಲುವು ಒಂದೇ.

ಆ ತಂಡ ದೊಡ್ಡ ಪಂದ್ಯಗಳಲ್ಲಿ ಸೋಲುತ್ತಿದ್ದುದು ನಿಜ. ಆದರೆ ಸೋಲುತ್ತಿದ್ದುದು ಬ್ರಿಸ್ಬೇನ್‌ನಲ್ಲಿ. ಅದನ್ನು ಬಿಟ್ಟು ಎಲ್ಲರೂ ಮೆಲ್ಬರ್ನ್ ಮೈದಾನದತ್ತ ಬೊಟ್ಟು ಮಾಡಿದರು.

ಹೇಳಲಾಗುವ ಕಾರಣಗಳನ್ನು ತೂಗಿದಾಗ

ಅಂಗಳದ ಅಳತೆಯ ವಾದವನ್ನು ಬೇಗ ಮುಗಿಸಬಹುದು. ಎಂಸಿಜಿಯ ಆಟದ ಅಂಗಳ ಸುಮಾರು 160 ಮೀಟರ್ ಉದ್ದ, 141 ಮೀಟರ್ ಅಗಲ. ಗಾಬಾ ಸುಮಾರು 156 ಉದ್ದ, 138 ಅಗಲ. ವ್ಯತ್ಯಾಸ ಮೂರು ನಾಲ್ಕು ಮೀಟರ್. ಜೀಲಾಂಗ್‌ನ ಕಾರ್ಡಿನಿಯಾ ಪಾರ್ಕ್‌ನಲ್ಲಿ ಅಗಲ 115 ಮೀಟರ್ ಮಾತ್ರ, ಉದ್ದ 170. ಅಲ್ಲಿಗೆ ಹೋಗುವ ತಂಡ ತನ್ನ ಆಟದ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ ಎಂದರೆ ಒಪ್ಪಬಹುದು. ಗಾಬಾದಲ್ಲಿ ಪಳಗಿದವನಿಗೆ ಎಂಸಿಜಿ ಅಷ್ಟು ಅಪರಿಚಿತವಲ್ಲ.

ಪ್ರಯಾಣದ ವಾದದಲ್ಲಿ ಹೆಚ್ಚು ಹುರುಳಿದೆ. ಮೆಲ್ಬರ್ನ್ ಕ್ಲಬ್‌ಗಳು ಅನೇಕ ವಾರ ತಮ್ಮ ನಗರ ಬಿಟ್ಟು ಕದಲದೆಯೇ ಆಡುತ್ತವೆ. ಬ್ರಿಸ್ಬೇನ್, ಪರ್ತ್, ಅಡಿಲೇಡ್ ತಂಡಗಳು ಹೆಚ್ಚುಕಡಿಮೆ ವಾರ ಬಿಟ್ಟು ವಾರ ವಿಮಾನ ಹತ್ತಬೇಕು. ಇಡೀ ಋತುವಿನ ಆಯಾಸ ಕಾಲಿನಲ್ಲಿ ಕೂರುತ್ತದೆ. ಆದರೆ ಈ ಹೊರೆ ಎಂಸಿಜಿಗೆ ಮಾತ್ರ ಸೀಮಿತವಲ್ಲ, ತವರಿನಾಚೆಯ ಎಲ್ಲ ಪಂದ್ಯಗಳಿಗೂ ಒಂದೇ. ಲಯನ್ಸ್ ಮೆಲ್ಬರ್ನ್‌ನ ಇನ್ನೊಂದು ಕ್ರೀಡಾಂಗಣವಾದ ಮಾರ್ವೆಲ್‌ಗೆ ಹೋಗುವಾಗಲೂ ಅದೇ ವಿಮಾನ, ಅದೇ ಹೋಟೆಲು. 2023ರ ಆಗಸ್ಟ್‌ನಲ್ಲಿ ಆ ಮಾರ್ವೆಲ್‌ನಲ್ಲೇ, ಆ ವರ್ಷದ ಭಾವಿ ಚಾಂಪಿಯನ್ ಕಾಲಿಂಗ್‌ವುಡ್ ತಂಡವನ್ನು ಲಯನ್ಸ್ 24 ಅಂಕಗಳಿಂದ ಸೋಲಿಸಿತು.

ಉಳಿಯುವುದು ಎದುರಾಳಿಯ ಗುಣಮಟ್ಟ. ಎಂಸಿಜಿಯನ್ನು ಮುಖ್ಯ ತವರು ಮಾಡಿಕೊಂಡಿರುವ ಕ್ಲಬ್‌ಗಳು ರಿಚ್ಮಂಡ್, ಕಾಲಿಂಗ್‌ವುಡ್, ಮೆಲ್ಬರ್ನ್ ಮತ್ತು ಹಾಥಾರ್ನ್. ಹಾಥಾರ್ನ್ 2013ರಿಂದ 2015ರವರೆಗೆ ಸತತ ಮೂರು ಬಾರಿ, ರಿಚ್ಮಂಡ್ 2017, 2019 ಮತ್ತು 2020ರಲ್ಲಿ, ಮೆಲ್ಬರ್ನ್ 2021ರಲ್ಲಿ, ಕಾಲಿಂಗ್‌ವುಡ್ 2023ರಲ್ಲಿ ಪ್ರಶಸ್ತಿ ಗೆದ್ದವು. ಬರದ ಎಂಟು ವರ್ಷಗಳಲ್ಲಿ ಎಂಸಿಜಿಗೆ ಹೋಗುವುದೆಂದರೆ, ಬಹುತೇಕ ಸಲ, ಆ ಕಾಲದ ಅತ್ಯುತ್ತಮ ತಂಡಗಳಲ್ಲೊಂದನ್ನು ಅದರ ಮನೆಯಲ್ಲಿ ಎದುರಿಸುವುದೆಂದೇ ಅರ್ಥ. ಮೈದಾನದ ಹೆಸರಿನಡಿ ದಾಖಲಾದದ್ದು ಬಹುಮಟ್ಟಿಗೆ ಈ ತಂಡಗಳ ಬಲ.

2022: ಬೀಗ ಮುರಿದ ರಾತ್ರಿ, ಮತ್ತು ಅದರ ಮರುವಾರ

ಸೆಪ್ಟೆಂಬರ್ 9ರ ಪಂದ್ಯದ ಎದುರಾಳಿಯಾದ ಮೆಲ್ಬರ್ನ್ ತಂಡ ಅದಕ್ಕೆ ಮೊದಲು ಆ ವರ್ಷ ಲಯನ್ಸ್ ತಂಡವನ್ನು ಎರಡು ಬಾರಿ ಸೋಲಿಸಿತ್ತು. ಜೂನ್‌ನಲ್ಲಿ ಎಂಸಿಜಿಯಲ್ಲಿ 64 ಅಂಕಗಳಿಂದ, ಆಗಸ್ಟ್‌ನಲ್ಲಿ ಗಾಬಾದಲ್ಲಿ 58 ಅಂಕಗಳಿಂದ. ಎರಡು ಮೈದಾನ, ಹೆಚ್ಚುಕಡಿಮೆ ಒಂದೇ ಅಂತರ: ಮೆಲ್ಬರ್ನ್ ಬಲಿಷ್ಠವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ. ಹಿಂದಿನ ವಾರ ಗಾಬಾದಲ್ಲಿ ರಿಚ್ಮಂಡ್ ವಿರುದ್ಧ 2 ಅಂಕಗಳಿಂದ ಬಚಾವಾಗಿದ್ದ ಲಯನ್ಸ್‌ಗೆ, ಮಗುವಿನ ಜನನದ ಕಾರಣ ಮುಂಚೂಣಿ ಆಟಗಾರ ಜೋ ಡ್ಯಾನಿಹರ್ ಕೂಡ ಲಭ್ಯವಿರಲಿಲ್ಲ.

ಮೊದಲಾರ್ಧದಲ್ಲಿ ಮೆಲ್ಬರ್ನ್ ನೆಮ್ಮದಿಯ ಮುನ್ನಡೆಯಲ್ಲಿತ್ತು. ವಿರಾಮದ ನಂತರ ಆಟದ ದಿಕ್ಕು ಬದಲಾಯಿತು. ಎರಿಕ್ ಹಿಪ್‌ವುಡ್ ನಾಲ್ಕು ಗೋಲು ಹೊಡೆದರು, ಲಯನ್ಸ್ 14.8, ಅಂದರೆ 92 ಅಂಕ, ಮೆಲ್ಬರ್ನ್ 11.13, ಅಂದರೆ 79. ಅಂಕಿಗಳನ್ನು ಹತ್ತಿರದಿಂದ ನೋಡಿ. ಕಂಬಗಳತ್ತ ಚೆಂಡು ಹೋಗಿ ಅಂಕ ಬಂದದ್ದು ಮೆಲ್ಬರ್ನ್‌ಗೆ 24 ಸಲ, ಲಯನ್ಸ್‌ಗೆ 22 ಸಲ. ಅವಕಾಶ ಹೆಚ್ಚು ಸಿಕ್ಕಿದ್ದು ಸೋತವರಿಗೆ. ಗುರಿ ನೆಟ್ಟಗಿದ್ದದ್ದು ಗೆದ್ದವರದು. ಎಂಟು ವರ್ಷಗಳ ಬರ ಮುಗಿದದ್ದು ಯಾವ ಪವಾಡದಿಂದಲೂ ಅಲ್ಲ, ಒಂದು ರಾತ್ರಿಯ ನಿಖರವಾದ ಒದೆತಗಳಿಂದ.

ಮರುವಾರ ಅದೇ ಎಂಸಿಜಿಯಲ್ಲಿ ಪ್ರಿಲಿಮಿನರಿ ಫೈನಲ್. ಜೀಲಾಂಗ್ 120, ಲಯನ್ಸ್ 49. 71 ಅಂಕಗಳ ಈ ಸೋಲನ್ನು ಕಂಡು ಹಳೆಯ ಮಾತು ಮತ್ತೆ ಚಿಗುರಿತು. ಜೀಲಾಂಗ್ ಮುಂದಿನ ವಾರ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿಯನ್ನು 81 ಅಂಕಗಳಿಂದ ಬಗ್ಗುಬಡಿಯಿತು ಎಂಬುದನ್ನು ಗಮನಿಸಿದವರಿಗೆ ಮೈದಾನವನ್ನು ದೂರುವ ಅಗತ್ಯ ಕಾಣುತ್ತಿರಲಿಲ್ಲ.

ನಾಲ್ಕು ಅಂಕ

2023ರ ಋತು ಈ ಪ್ರಕರಣದ ಅತ್ಯಂತ ಕಠಿಣ ಪರೀಕ್ಷೆ. ಗಾಬಾದಲ್ಲಿ ಎರಡು ಫೈನಲ್ಸ್ ಪಂದ್ಯಗಳೂ ಸೇರಿ ಆಡಿದ 13 ಪಂದ್ಯಗಳನ್ನೂ ಲಯನ್ಸ್ ಗೆದ್ದಿತು. ಎಂಸಿಜಿಯಲ್ಲಿ ಮಾತ್ರ ಹಾಥಾರ್ನ್‌ಗೆ ಸೋತಿತು, ಜುಲೈನಲ್ಲಿ ಮೆಲ್ಬರ್ನ್‌ಗೆ ಒಂದು ಅಂಕದಿಂದ ಸೋತಿತು. ಸೆಪ್ಟೆಂಬರ್ 30ರಂದು 1,00,024 ಪ್ರೇಕ್ಷಕರ ಎದುರು ಕಾಲಿಂಗ್‌ವುಡ್ ವಿರುದ್ಧ ಗ್ರ್ಯಾಂಡ್ ಫೈನಲ್‌ಗೆ ಇಳಿಯುವಾಗ ಮೈದಾನದ ಚರ್ಚೆ ತಾರಕಕ್ಕೇರಿತ್ತು.

ಕಾಲಿಂಗ್‌ವುಡ್ 12.18, ಒಟ್ಟು 90. ಲಯನ್ಸ್ 13.8, ಒಟ್ಟು 86. ಒಂದು ಗೋಲು ಹೆಚ್ಚು ಹೊಡೆದ ತಂಡ ನಾಲ್ಕು ಅಂಕಗಳಿಂದ ಸೋತಿತು. ಕೊನೆಯ ಅವಧಿಯಲ್ಲಿ ಮುನ್ನಡೆ ಕೈಯಿಂದ ಕೈಗೆ ಹೋಗುತ್ತಿದ್ದಾಗ ಜೋರ್ಡನ್ ಡಿ ಗೋಯಿ ಮತ್ತು ಸ್ಟೀಲ್ ಸೈಡ್‌ಬಾಟಮ್ ಹೊಡೆದ ಗೋಲುಗಳು ಕಾಲಿಂಗ್‌ವುಡ್ ತಂಡವನ್ನು ಮೇಲೆತ್ತಿದವು. ಡ್ಯಾನಿಹರ್ ಕೊನೆಗಳಿಗೆಯಲ್ಲಿ ಹೊಡೆದ ಗೋಲಿನಿಂದ ಅಂತರ ನಾಲ್ಕಕ್ಕೆ ಇಳಿಯಿತು, ಅಲ್ಲಿಗೇ ನಿಂತಿತು. ನಾಲ್ಕು ಗೋಲು ಹೊಡೆದ ಬಾಬಿ ಹಿಲ್‌ಗೆ ಪಂದ್ಯಶ್ರೇಷ್ಠನ ನಾರ್ಮ್ ಸ್ಮಿತ್ ಪದಕ. ಈ ಪಂದ್ಯ ಎಂಸಿಜಿಯ ಸೋಲಿನ ಪಟ್ಟಿಗೆ ಇನ್ನೊಂದು ಸಾಲಾಗಿ ಸೇರಿತು, ಆದರೆ ನನ್ನ ತಿಳಿವಳಿಕೆಯಲ್ಲಿ ಆ ಪಟ್ಟಿಯನ್ನು ಅರ್ಥಹೀನಗೊಳಿಸಿದ್ದೂ ಇದೇ ಪಂದ್ಯ. ಲಕ್ಷ ಜನರ ನಡುವೆ, ಅವರಲ್ಲಿ ಬಹುಪಾಲು ಎದುರಾಳಿಯ ಕಡೆಯವರಿರುವಾಗ, ಕೊನೆಯ ನಿಮಿಷದವರೆಗೂ ಸರಿಸಮನಾಗಿ ಹೋರಾಡಿದ ತಂಡವನ್ನು ಆ ಅಂಗಳಕ್ಕೆ ಹೆದರುವ ತಂಡ ಎನ್ನಲು ಸಾಧ್ಯವಿಲ್ಲ.

ಎರಡು ಪ್ರಶಸ್ತಿಗಳು

2024ರಲ್ಲಿ ದಾರಿ ಮತ್ತಷ್ಟು ದುರ್ಗಮವಾಗಿತ್ತು. ಋತುವಿನ ಮೊದಲ ಪಂದ್ಯದಲ್ಲೇ ಗಾಬಾದಲ್ಲಿ 46 ಅಂಕಗಳ ಮುನ್ನಡೆ ಕಳೆದುಕೊಂಡು ಕಾರ್ಲ್ಟನ್‌ಗೆ ಒಂದು ಅಂಕದಿಂದ ಸೋತ ತಂಡ, ಏಪ್ರಿಲ್‌ನಲ್ಲಿ ಎಂಸಿಜಿಗೆ ಹೋಗಿ ಮೆಲ್ಬರ್ನ್ ತಂಡವನ್ನು 22 ಅಂಕಗಳಿಂದ ಸೋಲಿಸಿತು. ಹಿಂದಿನ ವರ್ಷದ ಚಿತ್ರ ಪೂರ್ತಿ ಉಲ್ಟಾ. ಲೀಗ್ ಹಂತದಲ್ಲಿ ಐದನೇ ಸ್ಥಾನ ಮಾತ್ರ ಸಿಕ್ಕಿದ್ದರಿಂದ ಮೊದಲ ವಾರ ಬಿಟ್ಟರೆ ಉಳಿದ ಮೂರು ವಾರವೂ ತವರಿನಾಚೆ ಆಡಬೇಕಾಯಿತು. ಸಿಡ್ನಿಯಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ವಿರುದ್ಧ 44 ಅಂಕ ಹಿಂದೆ ಬಿದ್ದು 5 ಅಂಕಗಳಿಂದ ಗೆದ್ದಿತು. ಸೆಪ್ಟೆಂಬರ್ 21ರಂದು ಎಂಸಿಜಿಯಲ್ಲಿ ಜೀಲಾಂಗ್ ವಿರುದ್ಧ ಮತ್ತೆ ಹಿಂದೆ ಬಿದ್ದು ಮತ್ತೆ ಮೇಲೆದ್ದು 95–85ರಿಂದ ಗೆದ್ದಿತು. ಆ ಪಂದ್ಯದಲ್ಲಿ ಭುಜದ ಕೀಲು ತಪ್ಪಿದ ಆಸ್ಕರ್ ಮೆಕಿನರ್ನಿ ಗ್ರ್ಯಾಂಡ್ ಫೈನಲ್‌ಗೆ ಇಲ್ಲವಾದರು. ಅವರ ಜಾಗದಲ್ಲಿ ಡಾರ್ಸಿ ಫೋರ್ಟ್ ಆಡಿದರು. ಸೆಪ್ಟೆಂಬರ್ 28ರಂದು ಲಯನ್ಸ್ 120, ಸಿಡ್ನಿ ಸ್ವಾನ್ಸ್ 60. 21 ವರ್ಷಗಳ ನಂತರ ಪ್ರಶಸ್ತಿ ಮರಳಿತು.

2025ರ ಸೆಪ್ಟೆಂಬರ್ 5ರಂದು ಎಂಸಿಜಿಯಲ್ಲಿ ಜೀಲಾಂಗ್ 112, ಲಯನ್ಸ್ 74. ಋತುವಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನು ಎರಡು ಬಾರಿ ಗೆದ್ದಿರುವ ಲ್ಯಾಕಿ ನೀಲ್ ಮೀನಖಂಡದ ಗಾಯದಿಂದ ಹೊರಗುಳಿಯಬೇಕಾಯಿತು. ಮುಂದಿನ ವಾರ ಗಾಬಾದಲ್ಲಿ ಗೋಲ್ಡ್ ಕೋಸ್ಟ್ ತಂಡವನ್ನು 53 ಅಂಕಗಳಿಂದ ಮಣಿಸಿ, ಸೆಪ್ಟೆಂಬರ್ 20ರಂದು ನೀಲ್ ಇಲ್ಲದೆಯೇ ಎಂಸಿಜಿಗೆ ಬಂದು ಕಾಲಿಂಗ್‌ವುಡ್ ತಂಡವನ್ನು 29 ಅಂಕಗಳಿಂದ ಸೋಲಿಸಿತು. ಸೆಪ್ಟೆಂಬರ್ 27ರ ಗ್ರ್ಯಾಂಡ್ ಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಮರಳಿದ ನೀಲ್ ಗೋಲನ್ನೂ ಹೊಡೆದರು. ಲಯನ್ಸ್ 122, ಜೀಲಾಂಗ್ 75. ಸತತ ಎರಡನೇ ವರ್ಷವೂ ನಾರ್ಮ್ ಸ್ಮಿತ್ ಪದಕ ವಿಲ್ ಆಶ್‌ಕ್ರಾಫ್ಟ್ ಕೊರಳಿಗೆ ಬಿತ್ತು. 22 ದಿನಗಳ ಅಂತರದಲ್ಲಿ ಅದೇ ಅಂಗಳದಲ್ಲಿ ಅದೇ ಎದುರಾಳಿಯ ಮುಂದೆ 38 ಅಂಕಗಳ ಸೋಲು 47 ಅಂಕಗಳ ಗೆಲುವಾಯಿತು. 2003ರಲ್ಲಿ ಕಾಲಿಂಗ್‌ವುಡ್ ವಿರುದ್ಧ ಕಂಡದ್ದು ಇಲ್ಲಿ ಜೀಲಾಂಗ್ ವಿರುದ್ಧ ಮರುಕಳಿಸಿತು. ಸೋಲಿಗೂ ಗೆಲುವಿಗೂ ಸಮಾನವಾಗಿದ್ದ ಮೈದಾನವನ್ನು ಎರಡರಲ್ಲಿ ಯಾವುದಕ್ಕೂ ಕಾರಣವೆನ್ನಲಾಗದು.

2022ರಿಂದ 2025ರವರೆಗೆ ಎಂಸಿಜಿಯಲ್ಲಿ ಆಡಿದ ಎಂಟು ಫೈನಲ್ಸ್ ಪಂದ್ಯಗಳಲ್ಲಿ ಲಯನ್ಸ್ ಐದನ್ನು ಗೆದ್ದು ಮೂರನ್ನು ಸೋತಿದೆ. ಶಾಪಗ್ರಸ್ತವೆಂದ ಅಂಗಳದಲ್ಲಿ ಎಂಟರಲ್ಲಿ ಐದು. ಅದಕ್ಕೂ ಮೊದಲಿನ ಮೂರು ವರ್ಷ ಭದ್ರಕೋಟೆ ಎಂದ ಅಂಗಳದಲ್ಲಿ ಐದರಲ್ಲಿ ಒಂದು. ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು ಎಂಬುದೂ ನನಗೆ ಗೊತ್ತಿದೆ, ಏಕೆಂದರೆ ಇದೇ ನಾಲ್ಕು ವರ್ಷಗಳಲ್ಲಿ ಗಾಬಾದ ಐದು ಫೈನಲ್ಸ್ ಪಂದ್ಯಗಳನ್ನೂ ತಂಡ ಗೆದ್ದಿತು. ತಂಡ ಎಲ್ಲ ಕಡೆಯೂ ಬಲಿಯಿತು, ಎರಡೂ ಮೈದಾನಗಳ ಅಂಕಿಗಳು ಅದನ್ನೇ ಹಿಂಬಾಲಿಸಿದವು. ಗೆಲುವುಗಳಲ್ಲೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವಂತಿಲ್ಲ. 2024ರ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿಗೂ ಅದು ಪರಸ್ಥಳವೇ. ಜೀಲಾಂಗ್‌ಗೆ ತನ್ನದೇ ಬೇರೆ ಅಂಗಳವಿದೆ. ಎಂಸಿಜಿಯನ್ನೇ ಮನೆಯೆನ್ನುವ ತಂಡವನ್ನು ಫೈನಲ್ಸ್‌ನಲ್ಲಿ ಅಲ್ಲಿಯೇ ಸೋಲಿಸಿದ್ದು 2022ರಲ್ಲಿ ಮೆಲ್ಬರ್ನ್ ವಿರುದ್ಧ ಮತ್ತು 2025ರಲ್ಲಿ ಕಾಲಿಂಗ್‌ವುಡ್ ವಿರುದ್ಧ. ತವರಿನಾಚೆಯ ಗೆಲುವು ಎಂಬ ಮಾತಿಗೆ ನಿಜವಾಗಿ ತೂಗುವುದು ಈ ಎರಡು, ಮತ್ತು ಅವುಗಳಲ್ಲಿ ಎರಡನೆಯದನ್ನೇ ನಾನು ಹೆಚ್ಚಿನದೆಂದು ಎಣಿಸುತ್ತೇನೆ.

ಕ್ಲಬ್ ತನ್ನ ಕೆಲಸ ಮುಗಿಸಿದೆ, ಲೀಗ್ ಮುಗಿಸಿಲ್ಲ. ಗ್ರ್ಯಾಂಡ್ ಫೈನಲ್ ಎಂಸಿಜಿಯಲ್ಲೇ ನಡೆಯಬೇಕೆಂಬ ಕರಾರನ್ನು 2018ರಲ್ಲೇ 2057ರವರೆಗೆ ವಿಸ್ತರಿಸಲಾಗಿತ್ತು, ಆನಂತರ ಆ ಅವಧಿ 2059ಕ್ಕೆ ಬೆಳೆದಿದೆ. ಲಕ್ಷ ಜನ ಕೂರುವ ಇನ್ನೊಂದು ಕ್ರೀಡಾಂಗಣ ಆ ದೇಶದಲ್ಲಿಲ್ಲವಾದ್ದರಿಂದ ಕರಾರನ್ನು ಮುರಿಯಬೇಕೆಂದು ವಾದಿಸುವುದು ವ್ಯವಹಾರಕ್ಕೆ ನಿಲ್ಲುವ ಮಾತಲ್ಲ. ಆದರೆ ಪ್ರಶಸ್ತಿ ತೀರ್ಮಾನವಾಗುವ ಅಂಗಳ ಇದೊಂದೇ ಎಂದಾದ ಮೇಲೆ, ಬ್ರಿಸ್ಬೇನ್, ಸಿಡ್ನಿ, ಅಡಿಲೇಡ್, ಪರ್ತ್‌ಗಳ ತಂಡಗಳಿಗೆ ಲೀಗ್ ಹಂತದಲ್ಲಿ ಪ್ರತಿವರ್ಷ ಅಲ್ಲಿ ಇಂತಿಷ್ಟು ಪಂದ್ಯಗಳೆಂಬ ಖಾತರಿಯನ್ನು, ಅಂಕಪಟ್ಟಿಯಲ್ಲಿ ಅವು ಯಾವ ಸ್ಥಾನದಲ್ಲಿದ್ದರೂ, ವೇಳಾಪಟ್ಟಿಯಲ್ಲೇ ಬರೆದುಕೊಡಬೇಕು. 2015ರಿಂದ 2018ರವರೆಗೆ ತಳದಲ್ಲಿದ್ದ ಲಯನ್ಸ್‌ಗೆ ಸಿಗದೆ ಹೋದದ್ದು ಅದೇ, ಮತ್ತು ಈಗ ತಳದಲ್ಲಿರುವ ಹೊರರಾಜ್ಯದ ತಂಡಗಳಿಗೆ ಬೇಕಾಗಿರುವುದೂ ಅದೇ.